ಸರತಿಯ ಬೋನು

ಸೊಲ್ಲಾಪುರದ ನಮ್ಮ ಚಾಳಿನಲ್ಲಿ ಹನ್ನೊಂದು ಮನೆ,
ಇಲಿಬೋನು ಒಂದೇ.
ಇವತ್ತು ಅದು ಯಾರ ಮನೆಯಲ್ಲಿದೆಯೆಂದು
ನನ್ನನ್ನೇ ಕೇಳಬೇಕು. ಒಯ್ದುಕೊಡುವವಳು ನಾನು,
ಒಂಬತ್ತು ವರ್ಷ, ತಂತಿಯ ಹಿಡಿಕೆ, ಬೆರಳಿಗೆ ತುಕ್ಕು.

ಕೊಕ್ಕೆಯಲ್ಲಿ ಉಳಿದದ್ದು ನೋಡಿದರೆ ತಿಳಿಯುತ್ತಿತ್ತು
ನಿನ್ನೆ ರಾತ್ರಿ ಅದು ಎಲ್ಲಿತ್ತೆಂದು:
ಒಣಮೀನಿನ ಚೂರೆಂದರೆ ಖೈರುನ್ನಿಸಾ,
ಈರುಳ್ಳಿ ಭಜಿಯೆಂದರೆ ಸುಮನ್ ಮಾವಶಿ,
ನಮ್ಮದು ಕಡಕ್ ರೊಟ್ಟಿ, ಮೇಲೆ ಚಿಟಿಕೆ ಶೇಂಗಾ ಹಿಂಡಿ.
"ಇಲಿಗೂ ಖಾರ ಬೇಕಾ ನಿಮ್ಮನೇಲಿ?"
ಗೋಡೆಯಾಚೆಯಿಂದ ನರ್ಸವ್ವನ ನಗು.

ಇಲಿ ಬಂದದ್ದು ನೂಲಿನ ಬೆನ್ನು ಹತ್ತಿ.
ಚಾದರದ ಮಗ್ಗ, ಗಂಜಿ ಹಾಕಿದ ಹಾಸು,
ಗಂಜಿಯೆಂದರೆ ಅವಕ್ಕೆ ಅನ್ನ.
ರಾತ್ರಿ ಒಂದು ಇಲಿ ಓಡಾಡಿದರೆ
ಬೆಳಿಗ್ಗೆ ಅಪ್ಪ ಎಪ್ಪತ್ತು ಎಳೆ ಗಂಟು ಹಾಕಬೇಕು.
ಗಂಟಿಗೆ ಕೂಲಿಯಿಲ್ಲ.
ಮಾಲಕ ವಿಷದ ಪುಡಿ ಕೊಟ್ಟ.
ತಿಂದದ್ದು ಎಲ್ಲೋ ಗೋಡೆಯೊಳಗೆ ಸತ್ತು
ಹದಿನಾರು ದಿನ ಮೂಗು ಮುಚ್ಚಿ ಉಂಡೆವು.

ಆಮೇಲೆ ಬೋನು.
ಬಿದ್ದದ್ದನ್ನು ನೀರಿನ ಡ್ರಮ್ಮಿನಲ್ಲಿ ಮುಳುಗಿಸುವುದು ಪದ್ಧತಿ.
ಅವ್ವ ಒಪ್ಪಲಿಲ್ಲ. ಪಾಪಪುಣ್ಯದ ಮಾತಲ್ಲ.
"ನಾಕ್ ದಿನಕ್ಕೊಮ್ಮೆ ನಳ ಬರ್ತೈತಿ.
ಆ ನೀರು ಚೆಲ್ಲಾಕ ಯಾರ ಎದಿ ಗಟ್ಟಿ ಐತಿ?"
ಹೀಗೆ ಆ ಕೆಲಸ ನನ್ನ ಪಾಲಿಗೆ ಬಂತು.
ರೈಲುಹಳಿ ದಾಟಿ, ಮುಚ್ಚಿದ ಗಿರಣಿಯ ಕಂಪೌಂಡು,
ಬಾಗಿಲೆತ್ತಿದರೆ ಆಯಿತು.
ಕೆಲವು ಒಂದೇ ನೆಗೆತಕ್ಕೆ ಮಾಯ.
ಕೆಲವಕ್ಕೆ ಅವಸರವಿಲ್ಲ,
ಕೂತು ರೊಟ್ಟಿ ಮುಗಿಸಿಯೇ ಹೋಗುವವು.

ಒಂದರ ಬಾಲಕ್ಕೆ ನೇಲ್‌ಪಾಲಿಶ್ ಹಚ್ಚಿದೆ,
ನರ್ಸವ್ವನ ಮಗಳು ಸ್ವರೂಪ ಅಕ್ಕನದನ್ನು ಕದ್ದು ತಂದದ್ದು,
ಮದುವೆಗೆಂದು ಇಟ್ಟ ಕೆಂಪು.
ನಾಲ್ಕನೆಯ ದಿನ ಹಿಟ್ಟಿನ ಡಬ್ಬಿಯ ಹಿಂದೆ
ಆ ಕೆಂಪು ಸರಿದುಹೋಯಿತು.
"ದಾಟಿಸಿ ಬಂದ್ಯಾ?" ಅವ್ವನ ದಿನದ ಪ್ರಶ್ನೆ.
"ಹ್ಞೂಂ, ದಾಟಿಸಿ ಬಂದೆ."
ಸುಳ್ಳಲ್ಲ.
ಅದೂ ತಿರುಗಿ ದಾಟಿತ್ತು, ಅಷ್ಟೆ.

ಕೊನೆಗೆ ಅಪ್ಪನೇ ಬಿಲ ಹುಡುಕಿದ.
ಒಲೆಯ ಪಕ್ಕ, ನಮಗೂ ನರ್ಸವ್ವನಿಗೂ ನಡುವಿನ ಗೋಡೆ,
ನನ್ನ ಮುಷ್ಟಿ ಹಿಡಿಯುವಷ್ಟು.
ಅದರೊಳಗಿಂದಲೇ ನಾನೂ ಸ್ವರೂಪಳೂ
ಹುಣಸೆಬೀಜ ಉರುಳಿಸಿಕೊಂಡದ್ದು,
ಅದರೊಳಗಿಂದಲೇ ಅವರ ರೇಡಿಯೋ, ಅವರ ಜಗಳ,
ಜಗಳ ಮುಗಿದ ಮೇಲಿನ "ಅನ್ನಂ ತಿನ್ನಾವಾ".
ನಾನು ತೆಲುಗು ಕಲಿತದ್ದು ನೆಲಕ್ಕೆ ಕೆನ್ನೆಯಿಟ್ಟು.

ಬಾಟಲಿಯ ಗಾಜು, ಬಳೆಚೂರು, ಸಿಮೆಂಟು.
ಈ ಕಡೆ ನನ್ನ ಅಪ್ಪ, ಆ ಕಡೆ ಅವಳಪ್ಪ.
ಎರಡು ಕರಣೆಗಳ ಸದ್ದು ಮೊದಲು ಕೂಡಿಯೇ ಇತ್ತು,
ಬರಬರುತ್ತ ಒಂದೇ ಕೇಳಿಸಿತು,
ನಮ್ಮದು.

ಮೂರು ದಿನ ಗೋಡೆ ಹಸಿ.
ಹಿಟ್ಟು ನಾದುತ್ತ ಅವ್ವ ಬಗ್ಗಿ ಗೋಡೆಗೆ ಏನೋ ಹೇಳಿದಳು,
ಉತ್ತರಕ್ಕೆ ಕಾದಳು,
ಕೈ ತೊಳೆಯದೆಯೇ ಎದ್ದು
ಅದೇ ಮಾತು ಹೇಳಲು ಹೊರಗಿನಿಂದ ಸುತ್ತಿ ಹೋದಳು.

ಆ ವಾರ ಯಾರೂ ಬೋನು ಕೇಳಲಿಲ್ಲ.
ಮಂಚದ ಕೆಳಗೆ ಬಾಯಿ ತೆರೆದು ಕೂತಿತ್ತು.

ಎಂಟನೆಯ ರಾತ್ರಿ ಮೇಲೆ ತಗಡಿನಲ್ಲಿ ಉಗುರಿನ ಸದ್ದು,
ನಮ್ಮ ಕಡೆಯಿಂದ ಅವರ ಕಡೆಗೆ.
ಅಪ್ಪ ಬೈದು ಎದ್ದು ಕೂತ.
ಆಚೆಯೂ ಯಾರೋ ಬೈದು ಎದ್ದು ಕೂತರು,
ತಗಡಿನ ಸಂದಿಯಿಂದ ಸ್ಪಷ್ಟ ಕೇಳಿಸಿತು.
ಬಾಲದ ಬಣ್ಣ ನನಗೆ ಗೊತ್ತು, ಹೇಳಲಿಲ್ಲ.
ಎಲ್ಲ ಮತ್ತೆ ಮಲಗಿದ ಮೇಲೆ
ಬಾಯಿ ಮಾಡಿಗೆ ತಿರುಗಿಸಿ, ಮೆಲ್ಲಗೆ,
ಅವಳ ಭಾಷೆಯಲ್ಲಿ ಅವಳನ್ನು ಕರೆದೆ.

"ನನಗೂ ನಿದ್ದಿ ಬರವಲ್ದು" ಎಂದಳು ಸ್ವರೂಪ,
ನಮ್ಮದರಲ್ಲಿ.